ಗುಡ್ಡ ಓಡುವವರ ಒಂದು ವಾರ



ವಾರ ಹೇಗೆ ಕಳೆಯುತ್ತದೆ ಅಂತ ನಿಮ್ಮನ್ನು ಕೇಳಬೇಕಾಗಿಲ್ಲ. ಮುಂಬಯಿಯವರಿಗೆ ಲೋಕಲ್ ರೈಲು, ಚೆನ್ನೈಯವರಿಗೆ ಸೆಕೆ, ದೆಹಲಿಯವರಿಗೆ ರಿಂಗ್ ರೋಡು. ಭಾನುವಾರ ಬಂದರೆ ಬಟ್ಟೆ ಒಗೆಯುವುದು, ಊರಿಗೊಂದು ಫೋನು. ಅಷ್ಟರಲ್ಲಿ ಮತ್ತೆ ಸೋಮವಾರ! ಇವತ್ತು ನಿಮಗೆ ಬೇರೆಯದೇ ಒಂದು ವಾರದ ಕಥೆ ಹೇಳುತ್ತೇನೆ.

1986ರಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ ಜಾಸ್ ನೇಲರ್ ಎಂಬ ಕುರಿ ಸಾಕುವ ರೈತರೊಬ್ಬರು ಒಂದು ವಾರ ಓಡಿದರು. ಆ ಪ್ರದೇಶದ 214 ಬೆಟ್ಟಗಳನ್ನು ಆಲ್ಫ್ರೆಡ್ ವೇನ್‌ರೈಟ್ ಎಂಬುವರು ಏಳು ಸಂಪುಟಗಳಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದರು. ನೇಲರ್ ಆ 214 ಬೆಟ್ಟಗಳನ್ನೂ ಒಂದಾದ ಮೇಲೊಂದು ಹತ್ತಿ ಇಳಿದರು. ಹಿಡಿದ ಸಮಯ ಏಳು ದಿನ, ಒಂದು ಗಂಟೆ, 25 ನಿಮಿಷ. ಆಗ ಅವರಿಗೆ ಐವತ್ತು ವರ್ಷ. ಬಾಲ್ಯದಲ್ಲೇ ಬೆನ್ನಿಗೆ ಪೆಟ್ಟು ಬಿದ್ದು, ಆಮೇಲೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯೂ ಆಗಿ, ಸೈನ್ಯದ ಕಡ್ಡಾಯ ಸೇವೆಗೆ ಲಾಯಕ್ಕಿಲ್ಲ ಅನ್ನಿಸಿಕೊಂಡಿದ್ದ ಮನುಷ್ಯ ಅವರು!

ಇಂಥ ಓಟಕ್ಕೆ ಅಲ್ಲಿ ‘ಫೆಲ್ ರನ್ನಿಂಗ್’ ಅನ್ನುತ್ತಾರೆ. ಫೆಲ್ ಅಂದರೆ ಗುಡ್ಡ. ಈ ಪದವನ್ನು ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯಾದಿಂದ ಹಡಗೇರಿ ಬಂದು ನೆಲೆಸಿದ ಜನ ತಂದರು. ನಾರ್ವೆಯಲ್ಲಿ ಇಂದಿಗೂ ಬೆಟ್ಟಕ್ಕೆ ಹೆಚ್ಚುಕಡಿಮೆ ಅದೇ ಹೆಸರು. ಮಜಾ ಏನೆಂದರೆ, ಈ ಓಟದ ಇನ್ನೊಂದು ಅರ್ಧವೂ ಅಲ್ಲಿಂದಲೇ ಬಂತು. ಅದೇ ‘ಓರಿಯೆಂಟೀರಿಂಗ್’. ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು, ಕಾಡಿನಲ್ಲೋ ಗುಡ್ಡದಲ್ಲೋ ಗುರುತು ಮಾಡಿಟ್ಟ ಜಾಗಗಳನ್ನು ಒಂದೊಂದಾಗಿ ಹುಡುಕುತ್ತಾ ಓಡುವ ಆಟ. ದಾರಿ ಯಾರೂ ತೋರಿಸುವುದಿಲ್ಲ. ನೀವೇ ಕಂಡುಕೊಳ್ಳಬೇಕು.

ಅಲ್ಲಿನ ಅನೇಕ ಓಟಗಾರರು ಎರಡನ್ನೂ ಕಲಿಯುತ್ತಾರೆ. ಅವರ ತರಬೇತಿಯ ವಾರವನ್ನು ಹೀಗೆ ಇಟ್ಟುಕೊಳ್ಳಿ: ಸೋಮವಾರ ವಿಶ್ರಾಂತಿ. ಒಂದು ದಿನ ಒಂದೇ ಏರನ್ನು ಹತ್ತಾರು ಸಲ ಹತ್ತುವುದು. ಒಂದು ದಿನ ಇಳಿಜಾರು. ಒಂದು ಸಂಜೆ ನಕ್ಷೆಯ ಪಾಠ. ಒಂದು ರಾತ್ರಿ ತಲೆಗೆ ದೀಪ ಕಟ್ಟಿಕೊಂಡು ಓಟ. ವಾರದ ಕೊನೆಗೆ ದಿನವಿಡೀ ಗುಡ್ಡದಲ್ಲಿ. ನೋಡಲು ಇದೊಂದು ಟೈಮ್‌ಟೇಬಲ್ ಅಷ್ಟೆ. ಆದರೆ ಇದರ ಒಂದೊಂದು ದಿನದ ಹಿಂದೆಯೂ ಒಂದೊಂದು ಚರಿತ್ರೆ ಇದೆ. ಗುಡ್ಡದ ದಾರಿ ಯಾರಿಗೆ ಗೊತ್ತಿರಬೇಕು, ಯಾರಿಗೆ ಗೊತ್ತಿರಬಾರದು ಎಂಬ ಜಗಳವೂ ಅದರೊಳಗಿದೆ.

ಮೊದಲು ಏರು. ಗುಡ್ಡ ಮೊದಲಿಗೆ ಕುರುಬರದು. ಬೇಲಿಯಿಲ್ಲದ ಬೆಟ್ಟದಲ್ಲಿ ಮೇಯುವ ಕುರಿಗಳನ್ನು ಹುಡುಕಿ ಒಟ್ಟುಗೂಡಿಸಬೇಕು ಅಂದರೆ ಓಡಲೇಬೇಕು. ನಮ್ಮಲ್ಲಿ ಜಾತ್ರೆಗೆ ಕುಸ್ತಿ ಹೇಗೋ, ಅಲ್ಲಿ ಊರಿನ ಕೂಟಗಳಲ್ಲಿ ಕುಸ್ತಿಯ ಜತೆಗೆ ಗುಡ್ಡದ ಓಟ. ಗ್ರಾಸ್ಮಿಯರ್ ಎಂಬ ಊರಿನ ಕ್ರೀಡಾಕೂಟದಲ್ಲಿ 1868ರಿಂದ ‘ಗೈಡ್ಸ್ ರೇಸ್’ ನಡೆಯಿತು. ಪ್ರವಾಸಿಗಳಿಗೆ ಬೆಟ್ಟ ತೋರಿಸುವ ಮಾರ್ಗದರ್ಶಿಗಳ ಓಟ ಅಂತ ಅದಕ್ಕೆ ಆ ಹೆಸರು. ಗೆದ್ದವರಿಗೆ ಹಣ. ನಿಂತು ನೋಡುವವರಿಂದ ಬಾಜಿ.

ಆ ಹಣವೇ ಮುಂದೆ ಮುಳ್ಳಾಯಿತು. 1880ರಲ್ಲಿ ಇಂಗ್ಲೆಂಡಿನಲ್ಲಿ ಹವ್ಯಾಸಿ ಅಥ್ಲೆಟಿಕ್ಸ್ ಸಂಘ ಹುಟ್ಟಿತು. ಬಹುಮಾನದ ಹಣ ಮುಟ್ಟಿದವನು ‘ವೃತ್ತಿಪರ’, ಅವನು ಹವ್ಯಾಸಿಗಳ ಜತೆ ಓಡುವ ಹಾಗಿಲ್ಲ ಎಂಬ ಕಟ್ಟುಪಾಡು ಬಂತು. ಹಳ್ಳಿಯ ಓಟದಲ್ಲಿ ನಾಲ್ಕು ಕಾಸು ಗೆದ್ದ ಹುಡುಗನಿಗೆ ಆ ಕಡೆಯ ಬಾಗಿಲು ಮುಚ್ಚಿದ ಹಾಗೆಯೇ. ಒಂದೇ ಗುಡ್ಡ, ಒಂದೇ ಕಣಿವೆ, ಆದರೆ ಎರಡು ಪಂಕ್ತಿ! ಪಂಕ್ತಿಭೇದ ಏನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೆ? ನೂರು ವರ್ಷಕ್ಕೂ ಹೆಚ್ಚು ಕಾಲ ಈ ಗೋಡೆ ನಿಂತಿತ್ತು.

ಏರಿನ ಲೆಕ್ಕವನ್ನೂ ಒಬ್ಬರು ಹಾಕಿಟ್ಟಿದ್ದಾರೆ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರ ಕೊಟ್ಟರು: ನಡೆಯುವವನಿಗೆ ಮೂರು ಮೈಲಿಗೆ ಒಂದು ಗಂಟೆ, ಜತೆಗೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನು ಬಿಡಿಸಿ ನೋಡಿದರೆ, ನೂರು ಮೀಟರ್ ಹತ್ತುವುದೂ ಸಮತಟ್ಟು ನೆಲದಲ್ಲಿ ಎಂಟುನೂರು ಮೀಟರ್ ಹೋಗುವುದೂ ಒಂದೇ. ಹಾಗಾಗಿ ಎದುರಿಗೊಂದು ಗುಡ್ಡ ಬಂದಾಗ ಓಟಗಾರ ಮೊದಲು ಮಾಡುವುದು ಈ ಲೆಕ್ಕ. ಮೇಲೆ ಹತ್ತಿ ದಾಟುವುದು ಲಾಭವೋ, ಬಳಸಿಕೊಂಡು ಹೋಗುವುದು ಲಾಭವೋ? ಕಾಲಿಗಿಂತ ಮುಂಚೆ ತಲೆ ಓಡಬೇಕು.

ಇನ್ನು ಇಳಿಜಾರು. ಹತ್ತುವವನು ಉಸಿರಿಗೆ ಹೆದರುತ್ತಾನೆ, ಇಳಿಯುವವನು ಮೂಳೆಗೆ. ಹೊಸಬರು ಹೆದರಿ ಹಿಂದಕ್ಕೆ ವಾಲುತ್ತಾರೆ, ಕಾಲು ಜಾರುವುದೇ ಆಗ. ಪಳಗಿದವರು ಸ್ವಲ್ಪ ಮುಂದಕ್ಕೆ ಬಾಗಿ, ಕೈ ಅಗಲಿಸಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಕಣ್ಣನ್ನು ನಾಲ್ಕು ಹೆಜ್ಜೆ ಮುಂದಿಟ್ಟು ಇಳಿಯುತ್ತಾರೆ. ಈ ವಿದ್ಯೆಯಲ್ಲಿ ದಂತಕಥೆಯಾದವರು ಅರ್ನೆಸ್ಟ್ ಡಾಲ್ಜೆಲ್, ಕೆಸ್ವಿಕ್ ಕಡೆಯ ಬೇಟೆಕಾಡಿನ ಕಾವಲುಗಾರ. 1910ರಲ್ಲಿ ಯಾರ್ಕ್‌ಷೈರಿನ ಬರ್ನ್‌ಸಾಲ್ ಎಂಬ ಹಳ್ಳಿಯ ಗುಡ್ಡವನ್ನು ಹತ್ತಿ ಇಳಿಯಲು ಅವರು ತೆಗೆದುಕೊಂಡದ್ದು 13 ನಿಮಿಷಕ್ಕೂ ಒಂದು ಚೂರು ಕಡಿಮೆ. ಗಡಿಯಾರವೇ ತಪ್ಪಿರಬೇಕು ಅಂತ ಜನ ದಶಕಗಟ್ಟಲೆ ವಾದಿಸಿದರು. ಆದರೂ ದಾಖಲೆ ಬಿದ್ದದ್ದು 67 ವರ್ಷಗಳ ಮೇಲೆ, 1977ರಲ್ಲಿ, ಫ್ರೆಡ್ ರೀವ್ಸ್ ಅವರಿಂದ. ಅದನ್ನು ನೋಡಲು ಡಾಲ್ಜೆಲ್ ಇರಲಿಲ್ಲ. ಮೊದಲ ಮಹಾಯುದ್ಧ ಅವರನ್ನು ನುಂಗಿ ಎಷ್ಟೋ ಕಾಲವಾಗಿತ್ತು.

ಈಗ ನಕ್ಷೆಯ ಸಂಜೆ. ಕುರುಬನಿಗೆ ನಕ್ಷೆ ಬೇಡ, ಅವನಿಗೆ ಗುಡ್ಡ ಬಾಯಿಪಾಠ. ನಕ್ಷೆ ಬೇಕಾಗಿದ್ದದ್ದು ಪರಸ್ಥಳದವರಿಗೆ, ಅದರಲ್ಲೂ ಸೈನ್ಯಕ್ಕೆ. ಬ್ರಿಟನ್ನಿನ ಭೂಮಾಪನ ಸಂಸ್ಥೆ ಆರ್ಡ್ನೆನ್ಸ್ ಸರ್ವೆ 1791ರಲ್ಲಿ ಶುರುವಾದದ್ದು ಸೈನ್ಯದ ಕೆಲಸವಾಗಿಯೇ. ಹೆಸರಿನಲ್ಲೇ ಮದ್ದುಗುಂಡಿನ ವಾಸನೆಯಿದೆ. ‘ಓರಿಯೆಂಟೀರಿಂಗ್’ ಎಂಬ ಮಾತು ಕೂಡ ಮೊದಲು ಬಳಕೆಗೆ ಬಂದದ್ದು 1886ರ ಸುಮಾರಿಗೆ ಸ್ವೀಡನ್ನಿನ ಕಾರ್ಲ್‌ಬೆರ್ಗ್ ಸೈನಿಕ ಶಾಲೆಯಲ್ಲಿ. ಅಪರಿಚಿತ ನೆಲವನ್ನು ನಕ್ಷೆ, ದಿಕ್ಸೂಚಿಯ ಸಹಾಯದಿಂದ ದಾಟುವುದು ಎಂದು ಅದರ ಅರ್ಥ.

ಅಧಿಕಾರಿಯ ಚೀಲದಿಂದ ಈ ನಕ್ಷೆ ಸಾಮಾನ್ಯರ ಕೈಗೆ ಬಂದ ಕಥೆ ಚೆನ್ನಾಗಿದೆ. 1897ರ ಅಕ್ಟೋಬರ್ 31ರಂದು ನಾರ್ವೆಯ ಇಂದಿನ ಓಸ್ಲೊ ನಗರದ ಬಳಿ ಒಂದು ಕ್ರೀಡಾ ಸಂಘ ಸಾರ್ವಜನಿಕ ಸ್ಪರ್ಧೆ ಇಟ್ಟಿತು. ಬಂದವರು ಎಂಟೇ ಜನ! ಸ್ವೀಡನ್ನಿನಲ್ಲಿ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್ ಇದನ್ನು ಬೆಳೆಸಿದರು. ಅವರು ಸೈನ್ಯಾಧಿಕಾರಿ, ಸ್ಕೌಟ್ ಚಳವಳಿಯ ನಾಯಕರೂ ಹೌದು. ಹುಡುಗರಿಗೆ ಮೈದಾನದಲ್ಲಿ ಸುತ್ತು ಹಾಕುವ ಓಟ ಬೇಸರವಾಗುತ್ತಿದೆ, ಕಾಡಿಗೆ ಬಿಟ್ಟರೆ ಹೇಗೆ ಅಂತ ಅವರಿಗೆ ಅನ್ನಿಸಿತು. 1919ರ ಮಾರ್ಚ್ 25ರಂದು ಸ್ಟಾಕ್‌ಹೋಮ್ ಹತ್ತಿರದ ಸ್ಪರ್ಧೆಗೆ ಇನ್ನೂರಕ್ಕೂ ಹೆಚ್ಚು ಜನ ಬಂದರು. 1930ರ ದಶಕದಲ್ಲಿ ಗುನ್ನಾರ್ ತಿಲ್ಲಾಂಡರ್ ಮತ್ತು ಶೆಲ್‌ಸ್ಟ್ರೋಮ್ ಸಹೋದರರು ಸೇರಿ ಹೊಸ ಬಗೆಯ ದಿಕ್ಸೂಚಿ ತಂದರು. ಕೋನ ಅಳೆಯುವ ಪಟ್ಟಿಯೂ ದಿಕ್ಸೂಚಿಯೂ ಒಂದರಲ್ಲೇ. ಪಾರದರ್ಶಕ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು, ಬಿಲ್ಲೆ ತಿರುಗಿಸಿ, ಸೂಜಿ ಹೊಂದಿಸಿದರೆ ದಿಕ್ಕು ಸಿಕ್ಕಿತು. ಅಧಿಕಾರಿಗಳ ವಿದ್ಯೆ ಶಾಲಾ ಮಕ್ಕಳ ಕೈಗೆ ಬಂತು. 1961ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹತ್ತು ದೇಶಗಳು ಸೇರಿ ಅಂತಾರಾಷ್ಟ್ರೀಯ ಒಕ್ಕೂಟ ಕಟ್ಟಿದವು.

ಬ್ರಿಟನ್ನಿನಲ್ಲಿ ಇದನ್ನು ಬೆಳೆಸಿದವರು ಇಬ್ಬರು ಒಲಿಂಪಿಕ್ ಓಟಗಾರರು: 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದ ಕ್ರಿಸ್ ಬ್ರೇಷರ್, 1952ರಲ್ಲಿ ಅದೇ ಓಟದ ಕಂಚು ಗೆದ್ದಿದ್ದ ಜಾನ್ ಡಿಸ್ಲಿ. ಬ್ರೇಷರ್ 1957ರಲ್ಲಿ ನಾರ್ವೆಗೆ ಹೋಗಿ ಓಡಿ ಬಂದು ಪತ್ರಿಕೆಯಲ್ಲಿ ಬರೆದರು. ಶೆಲ್‌ಸ್ಟ್ರೋಮ್ ಮನೆತನದ ಯಾನ್ ಎಂಬ ತರುಣ ಬ್ರಿಟನ್ನಿಗೆ ಬಂದು ಕಲಿಸತೊಡಗಿದರು. 1967ರ ಆರಂಭದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಈಸ್ಟರ್ ಸಮಯದ ದೊಡ್ಡ ಓರಿಯೆಂಟೀರಿಂಗ್ ಕೂಟ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಆ ಸಂಜೆಯ ಪಾಠದಲ್ಲಿ ಏನು ಕಲಿಸುತ್ತಾರೆ? ಮೊದಲನೆಯದು, ನೀವು ತಿರುಗಿದ ಹಾಗೆಲ್ಲ ನಕ್ಷೆಯನ್ನೂ ತಿರುಗಿಸಿ, ನಕ್ಷೆಯ ಉತ್ತರ ನೆಲದ ಉತ್ತರಕ್ಕೇ ಇರುವ ಹಾಗೆ ನೋಡಿಕೊಳ್ಳುವುದು. ಎರಡನೆಯದು, ಈಗ ಎಲ್ಲಿದ್ದೀರೋ ಆ ಜಾಗದ ಮೇಲೆ ಹೆಬ್ಬೆರಳು ಇಟ್ಟೇ ಓಡುವುದು. ಮೂರನೆಯದು ನನಗೆ ಬಹಳ ಇಷ್ಟ. ಹಳ್ಳದ ಮೇಲೊಂದು ಕಾಲುಸೇತುವೆ ಇದೆ, ಮಂಜಿನಲ್ಲಿ ಅದನ್ನು ಹುಡುಕಬೇಕು ಅನ್ನಿ. ನೇರ ಸೇತುವೆಗೇ ಗುರಿ ಇಟ್ಟು ಹೋಗಿ, ಹಳ್ಳದ ದಂಡೆ ಮುಟ್ಟಿದಾಗ ಸೇತುವೆ ಕಾಣದಿದ್ದರೆ ಎಡಕ್ಕೆ ಹೋಗಬೇಕೋ ಬಲಕ್ಕೋ? ಗೊತ್ತಾಗುವುದಿಲ್ಲ. ಅದಕ್ಕೇ ಬೇಕೆಂದೇ ಸ್ವಲ್ಪ ಎಡಕ್ಕೆ ಗುರಿ ಇಡುತ್ತಾರೆ. ಹಳ್ಳ ಸಿಕ್ಕಿದ ಕೂಡಲೇ ಬಲಕ್ಕೆ ತಿರುಗಿದರೆ ಆಯಿತು, ಸೇತುವೆ ಅಲ್ಲೇ ಇರುತ್ತದೆ. ಎಂಥ ಜಾಣತನ ನೋಡಿ!

ರಾತ್ರಿಯ ಓಟದ ಮಾತು ಬಂದರೆ ಕಥೆ ನಮ್ಮೂರಿಗೇ ಬರುತ್ತದೆ. 1799ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಬಂದಾಗ, ಜನರಲ್ ಬೇರ್ಡ್ ಒಂದು ರಾತ್ರಿ ತಮ್ಮ ತುಕಡಿಯನ್ನು ಕತ್ತಲಲ್ಲಿ ನಡೆಸಿಕೊಂಡು ಹೊರಟಿದ್ದರು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ, ದಿಕ್ಕು ತಪ್ಪಿದೆ, ನಾವು ಹೋಗುತ್ತಿರುವುದು ಟಿಪ್ಪುವಿನ ಸೈನ್ಯದ ಕಡೆಗೇ ಅಂದರು. ಬೇರ್ಡ್ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ದೀಪ ತರಿಸಿ ದಿಕ್ಸೂಚಿ ನೋಡಿದರೆ, ಲ್ಯಾಂಬ್ಟನ್ ಹೇಳಿದ್ದೇ ನಿಜ. ಅದೇ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಅಳತೆಯ ಮೊದಲ ರೇಖೆ ಎಳೆದರು, 1802ರಲ್ಲಿ ಚೆನ್ನೈಯ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು. ಭಾರತವನ್ನೆಲ್ಲ ಅಳೆದ ಮಹಾ ತ್ರಿಕೋನ ಸರ್ವೆ ಹುಟ್ಟಿದ್ದು ಹೀಗೆ. ನಮ್ಮ ನೆಲದ ನಕ್ಷೆ ತಯಾರಾದದ್ದು ನೆಲ ಕೈತಪ್ಪಿದ ಮೇಲೆ, ನೆಲ ಗೆದ್ದವರ ಅನುಕೂಲಕ್ಕೆ. ಸ್ವಾತಂತ್ರ್ಯ ಬಂದ ಮೇಲೂ ಒಳ್ಳೆಯ ನಕ್ಷೆಗಳು ಸಾಮಾನ್ಯರಿಗೆ ಸುಲಭವಾಗಿ ಸಿಗಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕರಿಗೆಂದೇ ಬೇರೆ ಸರಣಿಯ ನಕ್ಷೆ ತಂದಿತು, 2021ರ ಮಾರ್ಗಸೂಚಿಗಳು ಕಟ್ಟನ್ನು ಇನ್ನಷ್ಟು ಸಡಿಲಿಸಿದವು. ನಾರ್ವೆಯ ಆ ಎಂಟು ಜನ 1897ರಲ್ಲೇ ನಕ್ಷೆ ಹಿಡಿದು ಭಾನುವಾರ ಕಳೆದದ್ದು ಎಷ್ಟು ದೊಡ್ಡ ಮಾತು ಅಂತ ಈಗ ತಿಳಿಯಿತಲ್ಲ?

ಇನ್ನು ವಾರದ ಕೊನೆಯ ಉದ್ದನೆಯ ದಿನ. ಇದರ ಹಿರಿಯಜ್ಜ ಬಾಬ್ ಗ್ರಹಾಂ, ಕೆಸ್ವಿಕ್ ಕಡೆಯ ಅತಿಥಿಗೃಹವೊಂದರ ಮಾಲೀಕರು. 1932ರ ಜೂನ್‌ನಲ್ಲಿ 24 ಗಂಟೆಯೊಳಗೆ 42 ಶಿಖರ ಹತ್ತಿ, ಹೊರಟ ಊರಿಗೇ ಬಂದು ಮುಟ್ಟಿದರು. ನೂರು ಕಿಲೋಮೀಟರಿಗೂ ಹೆಚ್ಚು ದೂರ. ಏರನ್ನೆಲ್ಲ ಕೂಡಿಸಿದರೆ ಎಂಟು ಸಾವಿರ ಮೀಟರ್ ದಾಟುತ್ತದೆ. ಕಾಲಿಗೆ ಟೆನಿಸ್ ಶೂ, ಮೈಗೆ ಪೈಜಾಮದ ಅಂಗಿ, ತಿನ್ನಲು ಬ್ರೆಡ್ಡು-ಬೆಣ್ಣೆ, ಬೇಯಿಸಿದ ಮೊಟ್ಟೆ, ಹಣ್ಣು! ಅದಕ್ಕೆ ಮುಂಚೆ ಅವರು ಆ ಬೆಟ್ಟಗಳನ್ನು ಒಂದೊಂದಾಗಿ ನಡೆದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ಮತ್ತೊಬ್ಬರು, ಅಲನ್ ಹೀಟನ್, ಅದನ್ನು 24 ಗಂಟೆಯೊಳಗೆ ಮುಗಿಸಲು 28 ವರ್ಷ ಬೇಕಾಯಿತು. ಈಗ ಎರಡು ಸಾವಿರಕ್ಕೂ ಹೆಚ್ಚು ಜನ ಆ ಪಟ್ಟಿಯಲ್ಲಿದ್ದಾರೆ. ಅವರಲ್ಲಿ ಬಹಳ ಜನ ಚಾಂಪಿಯನ್ನುಗಳಲ್ಲ. ಮೇಷ್ಟ್ರು, ನರ್ಸು, ಅಂಗಡಿಯವರು. ಒಬ್ಬರ ಓಟಕ್ಕೆ ನಾಲ್ಕಾರು ಜನ ಸರದಿಯಲ್ಲಿ ಜತೆಗೂಡಿ ದಾರಿ ತೋರಿಸುವುದು, ನೀರು-ಊಟ ಹೊರುವುದು ಅಲ್ಲಿನ ರೂಢಿ. ಈ ವರ್ಷ ಓಡಿದವರು ಮುಂದಿನ ವರ್ಷ ಇನ್ನೊಬ್ಬರ ಚೀಲ ಹೊರುತ್ತಾರೆ.

ಆದರೆ ಹೆಂಗಸರು? ಅವರಿಗೆ ಇದು ಆಗದ ಕೆಲಸ ಅಂತ ಗಂಡಸರೇ ತೀರ್ಮಾನ ಮಾಡಿಟ್ಟಿದ್ದರು. 1955ರಲ್ಲಿ ಕ್ಯಾಥ್ಲೀನ್ ಕೊನೊಚಿ ಎಂಬ ಹದಿನಾರರ ಹುಡುಗಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಓಟಕ್ಕೆ ಬಂದಾಗ ಅಧಿಕಾರಿಗಳು ಒಪ್ಪಲಿಲ್ಲ. ಗಂಡಸರೆಲ್ಲ ಹೊರಟ ಮೇಲೆ ಆಕೆ ಹಿಂದಿನಿಂದ ಓಡಿದಳು. ಬ್ರಿಟನ್ನಿನ ಅತ್ಯಂತ ಎತ್ತರದ ಬೆಟ್ಟ ಹತ್ತಿ ಇಳಿದು ಮೂರು ಗಂಟೆ ಎರಡು ನಿಮಿಷಕ್ಕೆ ವಾಪಸು ಬಂದಳು. ಬಾಬ್ ಗ್ರಹಾಂ ಸುತ್ತನ್ನು ಮೊದಲು ಮುಗಿಸಿದ ಮಹಿಳೆ ಜೀನ್ ಡಾಸ್, 1977ರಲ್ಲಿ. ನೇಲರ್ ಅವರ ಆ 214 ಬೆಟ್ಟಗಳ ವಾರ ನೆನಪಿದೆಯಲ್ಲ? 2021ರ ಜೂನ್‌ನಲ್ಲಿ ಸಬ್ರೀನಾ ವರ್ಜಿ ಎಂಬ ಮಹಿಳೆ ಅದನ್ನು ಆರು ದಿನಕ್ಕೂ ಹತ್ತು ನಿಮಿಷ ಕಡಿಮೆಯಲ್ಲಿ ಮುಗಿಸಿದರು. ಅಂದಿನವರೆಗೆ ಓಡಿದ್ದ ಎಲ್ಲ ಗಂಡಸರಿಗಿಂತ ಬೇಗ! ಮರುವರ್ಷ ಜಾನ್ ಕೆಲ್ಲಿ ಅದನ್ನು ಇನ್ನೂ ಇಳಿಸಿದರು, ಇರಲಿ. ಬಾಗಿಲು ಮುಚ್ಚಿಟ್ಟಿದ್ದವರಿಗೆ ಉತ್ತರ ಸಿಕ್ಕಿಯಾಗಿತ್ತು.

ಇಷ್ಟೆಲ್ಲ ಕಲಿತು ಏನಾಗಬೇಕು, ಪದಕ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುತ್ತೀರಾ? ಒಂದು ಘಟನೆ ಹೇಳುತ್ತೇನೆ.

ಗೆರ್ರಿ ಚಾರ್ನ್ಲಿ ಎಂಬುವರು 1968ರಲ್ಲಿ ಎರಡು ದಿನಗಳ ಪರ್ವತ ಮ್ಯಾರಥಾನ್ ಆರಂಭಿಸಿದ್ದರು. ಇಬ್ಬಿಬ್ಬರ ಜೋಡಿ, ಡೇರೆ, ಒಲೆ, ಊಟ, ಮಲಗುವ ಚೀಲ ಎಲ್ಲ ಬೆನ್ನ ಮೇಲೆ, ಗುಡ್ಡದ ಓಟವೂ ಇದೆ, ನಕ್ಷೆಯ ಆಟವೂ ಇದೆ. 2008ರ ಅಕ್ಟೋಬರಿನಲ್ಲಿ ಆ ಕೂಟ ಲೇಕ್ ಡಿಸ್ಟ್ರಿಕ್ಟಿನ ಬಾರೋಡೇಲ್ ಕಣಿವೆಯ ಸುತ್ತ ನಡೆಯುವಾಗ ಭಾರಿ ಬಿರುಗಾಳಿ, ಮಳೆ ಬಂತು. ಆಗುಂಬೆ ನೋಡಿದ ನಮಗೆ ಮಳೆ ಹೊಸದಲ್ಲ. ಆದರೆ ಅಲ್ಲಿನ ಚಳಿ ಸೇರಿದ ಗಾಳಿ ಒದ್ದೆ ಮೈಯನ್ನು ಗಂಟೆಗಳಲ್ಲಿ ಕೊಲ್ಲಬಲ್ಲದು. ಹಳ್ಳಗಳು ಉಕ್ಕಿದವು, ರಸ್ತೆ ಮುಳುಗಿತು, ಸ್ಪರ್ಧೆ ರದ್ದಾಯಿತು. ನೂರಾರು ಜನ ಗುಡ್ಡದಲ್ಲಿ ಎಲ್ಲಿದ್ದಾರೋ ತಿಳಿಯದು ಎಂಬ ಸುದ್ದಿ ಆ ರಾತ್ರಿ ಟೀವಿ, ರೇಡಿಯೋಗಳಲ್ಲಿ ಬಿತ್ತರವಾಯಿತು. ಕೇಳಿದವರೆಲ್ಲ ಕೆಟ್ಟದ್ದನ್ನೇ ಎಣಿಸಿದರು.

ಬೆಳಗಾಯಿತು. ಅವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು. ಕೆಲವರಿಗೆ ಗಾಯ, ಕೆಲವರಿಗೆ ಚಳಿ ಹಿಡಿದಿತ್ತು. ಸತ್ತವರು ಒಬ್ಬರೂ ಇಲ್ಲ. ಅವರು ಕಳೆದುಹೋಗಿರಲಿಲ್ಲ, ಎಲ್ಲಿದ್ದಾರೆಂದು ಟೀವಿಯವರಿಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು! ಕೆಲವರು ಕೊಟ್ಟಿಗೆಗಳಲ್ಲಿ, ಕೆಲವರು ಕಣಿವೆಯ ಮೇಲಿನ ಕಲ್ಲಿನ ಗಣಿಯ ಕಟ್ಟಡದಲ್ಲಿ, ಉಳಿದವರು ತಮ್ಮ ತಮ್ಮ ಡೇರೆಯಲ್ಲಿ ರಾತ್ರಿ ಕಳೆದಿದ್ದರು. ಬುಧವಾರ ಸಂಜೆಯ ನಕ್ಷೆಯ ಪಾಠ, ರಾತ್ರಿಯ ಓಟ, ಶನಿವಾರದ ಚೀಲದ ಭಾರ ಎಲ್ಲ ಕೆಲಸಕ್ಕೆ ಬಂದದ್ದು ಆ ದಿನ. ಗುಡ್ಡದ ಓಟಗಳಲ್ಲಿ ನಕ್ಷೆ, ದಿಕ್ಸೂಚಿ, ಸೀಟಿ, ಮಳೆಯಂಗಿ, ತಿನ್ನಲು ಒಂದಿಷ್ಟು ಜತೆಗಿರಲಿ ಅಂತ ಕಟ್ಟುನಿಟ್ಟು ಮಾಡುವುದು ಇದಕ್ಕೇ.

ಜಾಸ್ ನೇಲರ್ 2024ರ ಜೂನ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಗುಡ್ಡದ ದಾರಿ ಹುಟ್ಟಿನಿಂದ ಬಂದದ್ದು, ಲ್ಯಾಂಬ್ಟನ್‌ಗೆ ಹುದ್ದೆಯಿಂದ. ಹುಟ್ಟೂ ಇಲ್ಲದ, ಹುದ್ದೆಯೂ ಇಲ್ಲದ ಮೂರನೆಯವರಿಗೆ ಅದು ಅಭ್ಯಾಸದಿಂದ ಬರುತ್ತದೆ ಎಂದು ತೋರಿಸಿಕೊಟ್ಟದ್ದೇ ಈ ತರಬೇತಿಯ ವಾರ. ಊರು ಬಿಟ್ಟು ಊರಿಗೆ ಬಂದು, ಗೊತ್ತಿಲ್ಲದ ಭಾಷೆಯ ಬೋರ್ಡು ಓದಿಕೊಂಡು, ಬಸ್ ನಂಬರು ಕಲಿತು, ಈಗ ಹೊಸಬರಿಗೆ ನೀವೇ ದಾರಿ ಹೇಳುತ್ತಿದ್ದೀರಲ್ಲ, ನಿಮಗೆ ಈ ಮಾತು ನಾನು ಬಿಡಿಸಿ ಹೇಳಬೇಕೆ?

ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ದಾರಿ ಅದೇ ಹೇಳುತ್ತದೆ, ನಿಜ. ಬ್ಯಾಟರಿ ಇರುವವರೆಗೆ! ಪುಣೆಯವರು ಸಿಂಹಗಡಕ್ಕೋ, ಹೈದರಾಬಾದಿನವರು ಹತ್ತಿರದ ಯಾವುದಾದರೂ ಬಂಡೆಗುಡ್ಡಕ್ಕೋ ಹೋದಾಗ ಒಂದು ಕಾಗದದ ನಕ್ಷೆ ಜತೆಗಿಟ್ಟುಕೊಳ್ಳಿ. ಮಕ್ಕಳ ಕೈಗೆ ಕೊಡಿ. ಉತ್ತರ ಯಾವ ಕಡೆ ಅಂತ ಕೇಳಿ. ಮಿಕ್ಕಿದ್ದು ಅವರೇ ನೋಡಿಕೊಳ್ಳುತ್ತಾರೆ.